ಪರೀಕ್ಷೆ ಮಾಡಿದ್ದು ತಪ್ಪು ಕೈಯನ್ನು

ಮನುಷ್ಯನಿಗೆ ಎರಡು ಕೈಗಳಿರುತ್ತವೆ ಎಂಬುದು ಶರೀರಶಾಸ್ತ್ರದ ಮಾತು. ನಮ್ಮ ಭಾವನ ಮಟ್ಟಿಗೆ ಇದನ್ನು ನಂಬಲು ನಮಗೆ ಬಹಳ ಕಾಲ ಬೇಕಾಯಿತು. ಅವರು ಮುಟ್ಟಿದ ಬಲ್ಬು ಹೋಗುತ್ತಿತ್ತು, ಎತ್ತಿದ ಲೋಟ ಬೀಳುತ್ತಿತ್ತು. ಮೊಳೆ ಹೊಡೆದರೆ ಗೋಡೆಗೂ ಬೆರಳಿಗೂ ಪೆಟ್ಟಾಗಿ ಮೊಳೆಯೊಂದೇ ಕ್ಷೇಮವಾಗಿ ಉಳಿಯುತ್ತಿತ್ತು. ಅಂಥವರು ಒಂದು ದಿನ ತಮ್ಮಲ್ಲಿ ಇನ್ನೊಂದು ಕೈ ಅಡಗಿದೆ, ಅದು ಪ್ರತಿಭಾವಂತ ಕೈ, ಎಂದು ಸಾರಿದರೆ ಮನೆಯವರು ಏನು ಮಾಡಬೇಕು?

ಭಾವ ಎಂದರೆ ನನ್ನ ಅಕ್ಕನ ಗಂಡ. ನಾನು ಕೆಲಸ ಮಾಡುವ ಸರ್ಕಾರಿ ಕಟ್ಟಡದಲ್ಲಿ ಅವರು ಲಿಫ್ಟ್ ನಡೆಸುತ್ತಾರೆ. ನನ್ನದು ಮೂರನೆಯ ಮಹಡಿಯಲ್ಲಿರುವ ತೂಕ ಮತ್ತು ಅಳತೆ ಕಚೇರಿ. ಕಾಲೇಜಿನಲ್ಲಿ ಓದಿದ ಭೌತಶಾಸ್ತ್ರವನ್ನು ಅಂಗಡಿಗಳ ತಕ್ಕಡಿಯ ಮೇಲೆ ಪ್ರಯೋಗಿಸಿ ಸಂಬಳ ಪಡೆಯುತ್ತೇನೆ. ಲಿಫ್ಟ್ ಬಹಳ ಹಳೆಯದು. ಅದಕ್ಕೆ ಮಡಚುವ ಕಬ್ಬಿಣದ ಜಾಲರಿ ಬಾಗಿಲು, ಒಂದು ಹಿತ್ತಾಳೆಯ ಹಿಡಿಕೆ. ಹಿಡಿಕೆಯನ್ನು ಆ ಕಡೆ ತಳ್ಳಿದರೆ ಮೇಲೆ ಹೋಗುತ್ತದೆ, ಈ ಕಡೆ ತಳ್ಳಿದರೆ ಕೆಳಗೆ ಬರುತ್ತದೆ. ನಡುವೆ ತಂದರೆ ನಿಲ್ಲುತ್ತದೆ. ಎಲ್ಲಿ ನಿಲ್ಲುತ್ತದೆ ಎಂಬುದು ನಡೆಸುವವನ ಕೈಯಲ್ಲಿದೆ. ಭಾವ ನಡೆಸಿದರೆ ಸಾಮಾನ್ಯವಾಗಿ ಮಹಡಿಯ ಆಸುಪಾಸಿನಲ್ಲಿ ನಿಲ್ಲುತ್ತಿತ್ತು.

ಆದರೂ ಜನ ಅವರನ್ನು ಬಿಟ್ಟುಕೊಟ್ಟವರಲ್ಲ. ಲಿಫ್ಟಿಗೆ ಕಾಲಿಟ್ಟವರ ಮೊಣಕಾಲು ನೋವು, ಮಗಳ ಪರೀಕ್ಷೆ, ಮೇಲಧಿಕಾರಿಯ ಕಾಟ ಎಲ್ಲವೂ ಭಾವನಿಗೆ ಗೊತ್ತು. ಒಂದನೆಯ ಮಹಡಿಯಲ್ಲಿ ಶುರುವಾದ ಸಂಕಟಕ್ಕೆ ನಾಲ್ಕನೆಯದನ್ನು ಮುಟ್ಟುವಷ್ಟರಲ್ಲಿ ಒಂದು ಸಮಾಧಾನ ಹೇಳಿ ಕಳಿಸುತ್ತಿದ್ದರು. ಎರಡು ಮಾತು ಹೆಚ್ಚು ಬೇಕಾದವರು ಸುಮ್ಮನೆ ಇನ್ನೊಂದು ಸಲ ಮೇಲೆ ಕೆಳಗೆ ಹೋಗಿ ಬರುವುದೂ ಇತ್ತು.

ಇಲ್ಲಿ ಬೆರಳಿನ ವಿಷಯ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಎಣಿಸುವವರಲ್ಲಿ ಎರಡು ಪಂಗಡ. ಮುಷ್ಟಿಯಿಂದ ಶುರುಮಾಡಿ ಒಂದೊಂದೇ ಬೆರಳು ಬಿಚ್ಚುವವರು ಒಂದು ಕಡೆ, ಬಿಚ್ಚಿದ ಅಂಗೈಯಿಂದ ಶುರುಮಾಡಿ ಕಿರುಬೆರಳಿನಿಂದ ಒಂದೊಂದೇ ಮಡಚುವವರು ಇನ್ನೊಂದು ಕಡೆ. ತನ್ನ ಪಾಡಿಗೆ ತಾನು ಎಣಿಸುವಾಗ ಯಾರಿಗೂ ತೊಂದರೆಯಿಲ್ಲ. ಇನ್ನೊಬ್ಬರಿಗೆ ತೋರಿಸುವಾಗ ಮಾತ್ರ ಲೆಕ್ಕ ತಪ್ಪುತ್ತದೆ. ಭಾವ ಮಡಚುವ ಪಂಗಡದವರು. ಲಿಫ್ಟಿನ ಗಡಗಡ ಸದ್ದಿನಲ್ಲಿ ಕೂಗಿದರೆ ಕೇಳಿಸದ ಕಾರಣ, ಬಲಗೈಯನ್ನು ಹಿಡಿಕೆಯ ಮೇಲಿಟ್ಟುಕೊಂಡೇ ಎಡಗೈಯನ್ನು ಜಾಲರಿಯಿಂದ ಹೊರಗೆ ಹಾಕಿ, ನೆಲಮಹಡಿಯ ಮೂಲೆಯಲ್ಲಿ ಸ್ಟೌ ಇಟ್ಟುಕೊಂಡ ಟೀಯವನಿಗೆ ಬೆರಳಲ್ಲೇ ಹೇಳುತ್ತಿದ್ದರು. ಮೂರು ಟೀ ಎಂದು ಮೂರು ಬೆರಳು ಮಡಚಿದರೆ ಅವನಿಗೆ ನಿಂತ ಎರಡು ಕಂಡು ಎರಡೇ ಟೀ ಬರುತ್ತಿತ್ತು. ಒಮ್ಮೆ ಐದು ಬೇಕಾಯಿತು. ಭಾವ ಐದೂ ಬೆರಳು ಮಡಚಿ ಕೈಯನ್ನು ಹೊರಗೆ ಅಲ್ಲಾಡಿಸಿದರು. ಟೀಯವನು ಸ್ಟೌ ಆರಿಸಿ, ಮೆಟ್ಟಿಲು ಹತ್ತಿ, ನೇರವಾಗಿ ನನ್ನ ಮೇಜಿನ ಮುಂದೆ ಬಂದು ನಿಂತ.

"ನಿಮ್ಮ ಭಾವ ನಂಗೆ ಮುಷ್ಟಿ ತೋರಿಸ್ತಾರೆ ಸಾರ್. ನಾನೇನು ಅವರ ಮನೆ ಆಳಾ?"

ಹಿಂದೆಯೇ ಭಾವ ಬಂದರು. "ಐದು ಅಂದೆ ಕಣಯ್ಯಾ."

"ಐದು ಅಂದ್ರೆ ಐದು ಬೆರಳು ನಿಂತಿರ್ಬೇಕು. ನಿಮ್ಮವು ಮಲಗಿದ್ವು."

"ಎಣಿಸಿ ಆದ್ಮೇಲೆ ಮಲಗದೆ ಇನ್ನೇನ್ ಮಾಡ್ತಾವೆ?"

ನಾನು ಕಾಗದದ ಮೇಲೆ ಚಿತ್ರ ಬರೆದು ಎರಡೂ ಪದ್ಧತಿಗಳನ್ನು ವಿವರಿಸಿದೆ. ಟೀಯವನು ಗಮನವಿಟ್ಟು ಕೇಳಿ, "ಗೊತ್ತಾಯ್ತು ಸಾರ್, ನಿಂತಿರೋದನ್ನ ಬಿಟ್ಟು ಮಲಗಿರೋದನ್ನ ಎಣಿಸ್ಬೇಕು. ಆದ್ರೆ ನಾನು ಎಣಿಸಲ್ಲ. ಬಾಯಲ್ಲಿ ಹೇಳಿದ್ರೆ ಟೀ," ಎಂದು ಇಳಿದುಹೋದ. ಅಂದಿನಿಂದ ಭಾವನ ಕೈ ಹೊರಬಂದರೆ ಅವನು ಗೋಡೆಯ ಕಡೆ ತಿರುಗುತ್ತಿದ್ದ.

ಹೀಗಿರುವಾಗ ಸುತ್ತೋಲೆ ಬಂತು. ಕಟ್ಟಡಕ್ಕೆ ಗುಂಡಿ ಒತ್ತುವ ಹೊಸ ಲಿಫ್ಟ್ ಬರುತ್ತದೆ, ನಡೆಸುವವರು ಬೇಕಾಗಿಲ್ಲ. ಆದರೆ ರಿಪೇರಿಗೆ ಒಬ್ಬ ಮೆಕ್ಯಾನಿಕ್ ಬೇಕು. ಈಗಿರುವ ನೌಕರ ಕೈಚಳಕದ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಆ ಹುದ್ದೆ ಅವನದೇ, ಇಲ್ಲದಿದ್ದರೆ ಅವನನ್ನು ನೆಲಮಾಳಿಗೆಯ ಉಗ್ರಾಣಕ್ಕೆ ಕಳಿಸತಕ್ಕದ್ದು. ಆ ಉಗ್ರಾಣಕ್ಕೆ ಕಿಟಕಿಯಿಲ್ಲ. ಕಾಲು ಮುರಿದ ಕುರ್ಚಿಗಳಿವೆ, ಅವುಗಳ ಮೇಲೆ ಕಾಲು ಮುರಿದ ಇನ್ನಷ್ಟು ಕುರ್ಚಿಗಳಿವೆ. ವರ್ಷಕ್ಕೊಮ್ಮೆ ಯಾರಾದರೂ ಹೊಸ ಕುರ್ಚಿ ಮುರಿದುಕೊಂಡು ಬರುವವರೆಗೆ ಅಲ್ಲಿ ನರಪಿಳ್ಳೆಯೂ ಸುಳಿಯುವುದಿಲ್ಲ.

"ಮಾತಾಡೋಕೆ ಜನ ಇಲ್ಲದ ಕಡೆ ಇವರನ್ನ ಕೂರಿಸಿದ್ರೆ, ದಿನದ ಮಾತೆಲ್ಲ ಕಟ್ಟಿಕೊಂಡು ಮನೆಗೆ ಬರ್ತಾರೆ," ಎಂದಳು ಅಕ್ಕ. "ಅಷ್ಟೂ ನಾನೊಬ್ಬಳೇ ಕೇಳ್ಬೇಕಾ?" ತಮಾಷೆಗೆ ಹೇಳಿದಳು, ಆದರೆ ಆ ದಿನ ಅವಳೂ ಸರಿಯಾಗಿ ಊಟ ಮಾಡಲಿಲ್ಲ.

ಪರೀಕ್ಷೆ ಎಂದರೆ ಒಂದು ಸ್ವಿಚ್ಚಿನ ಫಲಕವನ್ನು ಬಿಚ್ಚಿ ಮತ್ತೆ ಕೂಡಿಸುವುದು, ಅಷ್ಟೇ. ಕಟ್ಟಡದ ಸೂಪರಿಂಟೆಂಡೆಂಟರು ಕುರ್ಚಿ ಹಾಕಿಕೊಂಡು ಎದುರಿಗೆ ಕೂತರು. ಬಿಚ್ಚುವುದು ಬಹಳ ಚೆನ್ನಾಗಿ ನಡೆಯಿತು, ಬಿಚ್ಚಬಾರದ್ದೂ ಬಿಚ್ಚಿಕೊಂಡಿತು. ಕೂಡಿಸುವಾಗ ಒಂದು ತಿರುಪು ಭಾವನ ಬಲಗೈಯಿಂದ ಜಾರಿ, ಲಿಫ್ಟಿಗೂ ನೆಲಕ್ಕೂ ನಡುವಿನ ಸಂದಿಯಲ್ಲಿ ಬಿದ್ದು, ಟಿಣ್ ಟಿಣ್ ಎಂದು ಪ್ರತಿ ಮಹಡಿಗೂ ಸುದ್ದಿ ಮುಟ್ಟಿಸುತ್ತ ತಳ ಸೇರಿತು. ಸೂಪರಿಂಟೆಂಡೆಂಟರು ಕುರ್ಚಿಯಿಂದ ಎದ್ದು, "ಉಗ್ರಾಣದ ಬೀಗದ ಕೈ ನನ್ನ ಹತ್ರಾನೇ ಇದೆ," ಎಂದು ಹೊರಟುಹೋದರು.

ಮರುದಿನ ಭಾನುವಾರ. ಭಾವ ಕ್ಷೌರಕ್ಕೆ ಹೋದವರು ಅರ್ಧ ಗಂಟೆಯೊಳಗೆ ನನ್ನ ಮನೆಯ ಬಾಗಿಲು ಬಡಿದರು. ಕತ್ತಿನಲ್ಲಿ ಕ್ಷೌರದವನ ಬಿಳಿಯ ಬಟ್ಟೆ, ಎಡಗೆನ್ನೆ ನುಣ್ಣಗೆ, ಬಲಗೆನ್ನೆಯಲ್ಲಿ ನೊರೆ. ಕೈಯಲ್ಲಿ ಒಂದು ಹಳೆಯ ವಾರಪತ್ರಿಕೆ.

"ಓದು," ಎಂದರು.

ಎಡಗೈಯವರಲ್ಲಿ ಪ್ರತಿಭಾವಂತರು ಹೆಚ್ಚು, ಅನೇಕರನ್ನು ಚಿಕ್ಕಂದಿನಲ್ಲೇ ಬಲಗೈಗೆ ತಿದ್ದಿಬಿಡುವುದರಿಂದ ಅವರ ಕೈಚಳಕ ಹಾಳಾಗುತ್ತದೆ, ಎಂಬ ಒಂದು ಲೇಖನ. ಬರೆದವರು ಯಾರು, ಯಾವ ಆಧಾರದಿಂದ ಬರೆದರು ಎಂಬುದಿದ್ದ ಹಾಳೆಯನ್ನು ಕ್ಷೌರದವನು ಆಗಲೇ ಕತ್ತಿ ಒರೆಸಲು ಹರಿದಿದ್ದ. ಭಾವ ಅದರಲ್ಲಿದ್ದ ಪ್ರತಿಭಾವಂತರನ್ನು ಬೆರಳಲ್ಲಿ ಎಣಿಸುತ್ತ ಹೋದಾಗ, ತಾವು ಮಡಚುತ್ತಿರುವುದು ಎಡಗೈಯ ಬೆರಳುಗಳನ್ನು ಎಂಬುದು ಕನ್ನಡಿಯಲ್ಲಿ ಕಂಡಿತಂತೆ.

"ನಾನು ಹುಟ್ಟಾ ಎಡಗೈಯವನು ಕಣೋ. ಇಲ್ಲದಿದ್ರೆ ಲೆಕ್ಕ ಯಾಕೆ ಎಡಗೈಯಿಂದ ಶುರುವಾಗುತ್ತೆ? ಇಷ್ಟು ವರ್ಷ ಬೀಳಿಸಿದ್ದು ನಾನಲ್ಲ, ಬಲಗೈ. ಸಾಹೇಬರು ಪರೀಕ್ಷೆ ಮಾಡಿದ್ದು ತಪ್ಪು ಕೈಯನ್ನ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಭಾವ ನೆಲವನ್ನು ದೂರಲಿಲ್ಲ, ಆ ಮಟ್ಟಿಗೆ ಇದು ಸುಧಾರಿತ ಆವೃತ್ತಿ. ನಾನು ವಿಜ್ಞಾನ ಓದಿದವನಾದ್ದರಿಂದ ಒಡನೆ ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಸೋಮವಾರ ನನ್ನ ಕಚೇರಿಯವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು, ಕಾರಣ ತಿಳಿಸದೆ ಹತ್ತರವರೆಗೆ ಎಣಿಸಲು ಹೇಳಿದೆ. ಬರೆಯುವುದು ಬಲಗೈಯಲ್ಲಿ, ಎಣಿಕೆ ಶುರು ಎಡಗೈಯಲ್ಲಿ. ಅಂಥವರೇ ಅರ್ಧಕ್ಕರ್ಧ ಸಿಕ್ಕರು. ಈ ಫಲಿತಾಂಶವನ್ನು ಭಾವನ ಮುಂದಿಟ್ಟೆ.

"ನೋಡಿದ್ಯಾ," ಎಂದರು ಭಾವ, "ನಿಮ್ಮ ಆಫೀಸಿನಲ್ಲಿ ಅರ್ಧ ಜನಕ್ಕೆ ತಮ್ಮ ಪ್ರತಿಭೆ ಗೊತ್ತಿಲ್ಲ."

ಸಾಕ್ಷಿಗೆ ತಾಯಿಯನ್ನು ಕೇಳಿದರು. ಆ ಹಿರಿಯ ಜೀವ ಕಿಟಕಿಯ ಬಳಿ ಕೂತು ಉಣ್ಣೆ ಹೆಣೆಯುತ್ತಿತ್ತು.

"ಅಮ್ಮ, ನಾನು ಮಗುವಾಗಿದ್ದಾಗ ಯಾವ ಕೈ ಮುಂದೆ ಮಾಡ್ತಿದ್ದೆ?"

"ಯಾವುದೂ ಮಾಡ್ತಿರ್ಲಿಲ್ಲಪ್ಪ. ಎರಡೂ ಬಾಯಲ್ಲಿರ್ತಿತ್ತು."

ಇದನ್ನು ಭಾವ ಭಾಗಶಃ ಸಮರ್ಥನೆ ಎಂದು ತೆಗೆದುಕೊಂಡು ಸೂಪರಿಂಟೆಂಡೆಂಟರ ಕೋಣೆಗೆ ಹೋದರು. ತಪ್ಪು ಕೈಯ ವಾದವನ್ನು ನಿಂತೇ ಮಂಡಿಸಿದರು. ಸೂಪರಿಂಟೆಂಡೆಂಟರು ಮೊದಲು ನಕ್ಕರು. ಆಮೇಲೆ ನಿಯಮಗಳ ಪುಸ್ತಕ ತೆಗೆದರು, ಅಲ್ಲಿಗೆ ನಗು ನಿಂತಿತು. "ಅಭ್ಯರ್ಥಿಯನ್ನು ಪರೀಕ್ಷಿಸತಕ್ಕದ್ದು" ಎಂದಿತ್ತು. ಯಾವ ಕೈಯನ್ನು ಎಂದಿರಲಿಲ್ಲ. ನಿಯಮದಲ್ಲಿ ಇಲ್ಲದ್ದನ್ನು ನಿರಾಕರಿಸಲು ಅವರಿಗೆ ಧೈರ್ಯವಿಲ್ಲ, ಒಪ್ಪಿಕೊಳ್ಳಲೂ ಧೈರ್ಯವಿಲ್ಲ. ಅಂಥವರಿಗೆ ಸರ್ಕಾರ ಒಂದು ದಾರಿ ಇಟ್ಟಿದೆ. ಅವರು ಸಮಿತಿ ರಚಿಸಿದರು. ಕೈ ಯಾವುದೆಂದು ಹೇಳಲು ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ, ಚಳಕ ಎಷ್ಟೆಂದು ಹೇಳಲು ಒಬ್ಬ ಎಂಜಿನಿಯರ್, ಇಬ್ಬರೂ ಹೇಳಿದ್ದಕ್ಕೆ ತಲೆಯಾಡಿಸಲು ತಾವು. ಮುಂದಿನ ತಿಂಗಳು ನಾಲ್ಕನೆಯ ಮಹಡಿಯಲ್ಲಿ ಮರುಪರೀಕ್ಷೆ.

ಆ ಒಂದು ತಿಂಗಳು ನಮ್ಮ ಕುಟುಂಬ ಮರೆಯುವಂಥದ್ದಲ್ಲ. ಭಾವ ಎಡಗೈಯಲ್ಲಿ ಹಲ್ಲುಜ್ಜಿದರು, ಅಕ್ಕ ಕನ್ನಡಿ ಒರೆಸಿದಳು. ಎಡಗೈಯಲ್ಲಿ ಗಡ್ಡ ಹೆರೆದುಕೊಂಡು ಮುಖದ ತುಂಬ ಪ್ಲಾಸ್ಟರ್ ಅಂಟಿಸಿಕೊಂಡು ಬಂದ ದಿನ ಪಕ್ಕದ ಮನೆಯ ನಿವೃತ್ತ ಪೊಲೀಸರು, ಯಾರ ಮೇಲಾದರೂ ದೂರು ಕೊಡುವುದಿದ್ದರೆ ತಾವಿದ್ದೇವೆ ಎಂದು ಅಕ್ಕನ ಮುಖವನ್ನೇ ನೋಡುತ್ತ ಹೇಳಿ ಹೋದರು. ಬೀಗ ತೆಗೆಯಲು ಹೋಗಿ ಕೀಲಿ ಮುರಿಯಿತು. ಕೊನೆಗೆ ಅಕ್ಕ ತಾನೇ ತರಬೇತಿಯ ಹೊಣೆ ಹೊತ್ತಳು. ಮನೆಯಲ್ಲಿದ್ದ ದಿಂಬುಗಳನ್ನೆಲ್ಲ ತಂದು ರಾಶಿ ಹಾಕಿ, "ರೀ, ಒಡೆಯೋದಕ್ಕೆ ಏನೂ ಇಲ್ಲದ ಕೆಲಸ ಇದೊಂದೇ. ಇವುಗಳ ಚೀಲದ ಗುಂಡಿ ಹಾಕಿ, ತೆಗೀರಿ. ಎಡಗೈ ಮಾತ್ರ. ನೋಡಬಾರದು," ಎಂದಳು. ನೋಡಬಾರದೆಂದು ಹೇಳಿದ್ದು ಏಕೆಂದರೆ, ನೋಡಿದರೆ ಅವರ ಬಲಗೈ ತಡೆಯಲಾರದೆ ಸಹಾಯಕ್ಕೆ ಬರುತ್ತಿತ್ತು. ಹೀಗೆ ಭಾವ ಸಂಜೆಯೆಲ್ಲ ಕಿಟಕಿಯಿಂದ ಬೀದಿ ನೋಡುತ್ತ, ಬೆನ್ನ ಹಿಂದೆ ದಿಂಬಿನ ಗುಂಡಿ ಬಿಚ್ಚುತ್ತ, ಹೋಗಿ ಬರುವವರನ್ನೆಲ್ಲ ಮಾತಾಡಿಸುತ್ತ ಕೂತಿರುತ್ತಿದ್ದರು. ಮೊದಲ ವಾರ ಗುಂಡಿಗಳು ಕಿತ್ತುಬಂದವು. ಆಮೇಲೆ ಬಿಚ್ಚಿಬಂದವು.

ಲಿಫ್ಟಿನಲ್ಲೂ ಹಿಡಿಕೆಗೆ ಎಡಗೈ ಬಂತು. ಲಿಫ್ಟ್ ಈಗ ಮಹಡಿಗಿಂತ ಒಂದು ಮೊಳ ಮೇಲೆ ಅಥವಾ ಕೆಳಗೆ ನಿಲ್ಲತೊಡಗಿತು. ಗುಮಾಸ್ತರು ಹಾರಿದರು, ದಪ್ಪನೆಯವರನ್ನು ಎಳೆದುಕೊಳ್ಳಲಾಯಿತು. ಕೆಲವರು ಮೆಟ್ಟಿಲನ್ನೇ ಹತ್ತಿ ಆರೋಗ್ಯ ಸುಧಾರಿಸಿಕೊಂಡರು. "ಹುಟ್ಟಿದ ಕೈ ಸ್ವಲ್ಪ ತುಕ್ಕು ಹಿಡಿದಿದೆ," ಎಂದು ಭಾವ ಎಲ್ಲರಿಗೂ ಸಮಾಧಾನ ಹೇಳುತ್ತಿದ್ದರು.

ಪರೀಕ್ಷೆಯ ದಿನ ಬಂತು. ಎಂಜಿನಿಯರ್ ಲಿಫ್ಟಿನ ಜಾಲರಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿ, ತಮಗೆ ಮೆಟ್ಟಿಲೇ ಇಷ್ಟ ಎಂದು ನಡೆದುಕೊಂಡು ಬಂದರು. ಅವರೂ ನಾನೂ ನಾಲ್ಕನೆಯ ಮಹಡಿಯ ಬಾಗಿಲಲ್ಲಿ ಕಾದು ನಿಂತೆವು. ಸಮಿತಿಯ ಬೆಳಗಿನ ಟೀ ಹೊತ್ತು ತಂದಿದ್ದ ಟೀಯವನೂ ಅಲ್ಲೇ ಇದ್ದ. ಸೂಪರಿಂಟೆಂಡೆಂಟರು ಮತ್ತು ಡಾಕ್ಟರಮ್ಮ ಭಾವನ ಜೊತೆ ಲಿಫ್ಟ್ ಹತ್ತಿದರು.

ಲಿಫ್ಟ್ ಗಡಗಡ ಬಂತು. ಮೂವರ ತಲೆ ಕಂಡಿತು, ಭುಜ ಕಂಡಿತು, ಎದೆ ಕಂಡಿತು. ಅಲ್ಲಿಗೆ ನಿಂತಿತು. ಟಪ್ಪೆಂದು ಏನೋ ಬಿದ್ದ ಸದ್ದು. ನಾವು ನಿಂತಿದ್ದ ಮಹಡಿಯ ಬಾಗಿಲಿನ ಕೊಂಡಿ ಸಡಿಲಾಗಿ ಒಳಕ್ಕೆ ಜಾರಿ, ಒಂದು ಗೂಟಕ್ಕೆ ಸಿಕ್ಕಿಕೊಂಡು, ಲಿಫ್ಟಿನ ದಾರಿಗೆ ಅಡ್ಡವಾಗಿ ಕೂತಿತ್ತು. ಹೊರಗಿನಿಂದ ಅದು ಕೈಗೆ ಎಟಕುವಂತಿರಲಿಲ್ಲ. ಭಾವ ಹಿಡಿಕೆಯನ್ನು ಎತ್ತ ತಳ್ಳಿದರೂ ಲಿಫ್ಟ್ ನರಳಿತೇ ಹೊರತು ಅಲುಗಲಿಲ್ಲ. ಸೂಪರಿಂಟೆಂಡೆಂಟರು ಗಾಬರಿಯಲ್ಲಿ ಅಪಾಯದ ಗಂಟೆಯ ಗುಂಡಿಯನ್ನು ಮೈಭಾರವೆಲ್ಲ ಹಾಕಿ ಒತ್ತಿದರು. ಗುಂಡಿ ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಅಲ್ಲಿಂದ ಮುಂದೆ ಆ ಮಹಡಿಯಲ್ಲಿ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ಒಳಗೆ ನಡೆದ ಮಾತನ್ನು ಡಾಕ್ಟರಮ್ಮ ಆಮೇಲೆ ನನಗೆ ಹೇಳಿದರು. ಸೂಪರಿಂಟೆಂಡೆಂಟರು ಅವರ ಕಿವಿಯಲ್ಲಿ ಕೂಗಿ ಕೇಳಿದ್ದು, ತಮ್ಮ ನಾಡಿ ಇನ್ನೂ ಇದೆಯೇ ಎಂದು.

ಭಾವ ಜಾಲರಿಯ ಬಲ ಅಂಚಿನ ಸಂದಿಯಲ್ಲಿ ಬಲಗೈ ತೂರಿಸಿದರು. ಕೊಂಡಿ ಇದ್ದದ್ದು ಆ ಅಂಚಿನಿಂದ ಬಲಕ್ಕೆ ತಿರುಗಿದರೆ, ಗೋಡೆಯ ಮರೆಯಲ್ಲಿ. ಇಲ್ಲಿ ಸ್ವಲ್ಪ ಶಾಸ್ತ್ರ ಹೇಳಬೇಕಾಗುತ್ತದೆ. ಮೊಣಕೈ ಒಂದೇ ಕಡೆಗೆ ಮಡಚುತ್ತದೆ. ಮುಂದಕ್ಕೆ ಚಾಚಿದ ಬಲಗೈ ಎಡಕ್ಕೆ ಬಾಗೀತು, ಬಲಕ್ಕೆ ಬಾಗಲಾರದು. ಬಲಬದಿಯ ಗೋಡೆಯ ಹಿಂದೆ ಏನಾದರೂ ಬಿದ್ದರೆ ಅದನ್ನು ಹುಡುಕಬಲ್ಲ ಕೈ ಎಡಗೈ ಒಂದೇ. ಮಹಾ ಬಲಶಾಲಿಯ ಬಲಗೈಯೂ ಅಲ್ಲಿ ಸೌದೆಗೆ ಸಮ.

ಭಾವ ಬಲಗೈ ಹೊರತೆಗೆದು, ಅದನ್ನು ಒಮ್ಮೆ ತಿರಸ್ಕಾರದಿಂದ ನೋಡಿ, ಎಡಗೈ ತೂರಿಸಿದರು. ಭುಜದವರೆಗೂ ಹೋಯಿತು, ಮೊಣಕೈ ಬಲಕ್ಕೆ ಬಾಗಿತು. ಕಣ್ಣಿಗೆ ಏನೂ ಕಾಣುವಂತಿರಲಿಲ್ಲ. ಆಗ ಅವರ ಮುಖದಲ್ಲಿ ಒಂದು ಪರಿಚಿತ ಕಳೆ ಮೂಡಿತು. ಬೆರಳುಗಳು ಗೋಡೆಯ ಮರೆಯಲ್ಲಿ ತಡಕುತ್ತಿದ್ದರೆ ಅವರು ಸಂಜೆ ಬೀದಿ ನೋಡುವ ಹಾಗೆ ನಮ್ಮನ್ನೆಲ್ಲ ಆರಾಮವಾಗಿ ನೋಡುತ್ತಿದ್ದರು. ಕೊಂಡಿಯ ಬಳೆ ಗೂಟಕ್ಕೆ ಸಿಕ್ಕಿದ ರೀತಿಗೂ ದಿಂಬಿನ ಗುಂಡಿ ಕಾಜಾದಲ್ಲಿ ಸಿಕ್ಕಿದ ರೀತಿಗೂ ವ್ಯತ್ಯಾಸವೇನೂ ಇರಲಿಲ್ಲ. ಒಮ್ಮೆ ಓರೆ ಮಾಡಿ ಜಾರಿಸಿದರು, ಬಿಚ್ಚಿಬಂತು.

ಆದರೆ ಕೈ ಬಿಟ್ಟರೆ ಕೊಂಡಿ ಮತ್ತೆ ಬೀಳುತ್ತದೆ. ಅದನ್ನು ಎತ್ತಿ ಹಿಡಿದಿರುವಾಗಲೇ ಯಾರಾದರೂ ಲಿಫ್ಟನ್ನು ಮೇಲೆ ತರಬೇಕು. ನಾಲ್ಕನೆಯ ಮಹಡಿಯ ಗೋಡೆಯಲ್ಲಿ ಅದಕ್ಕೆಂದೇ ಒಂದು ಕೈಚಕ್ರವಿದೆ, ಎಂಜಿನಿಯರ್ ಆಗಲೇ ಅದನ್ನು ಹಿಡಿದು ನಿಂತಿದ್ದರು. ಎಷ್ಟು ಸುತ್ತು ಎಂದು ತಿಳಿಯದೆ ತಿರುಗಿಸುವಂತಿಲ್ಲ. ಕಡಿಮೆಯಾದರೆ ಕೊಂಡಿ ಮತ್ತೆ ಸಿಕ್ಕೀತು, ಹೆಚ್ಚಾದರೆ ಭಾವನ ತೋಳು ಸಿಕ್ಕೀತು. ಎಷ್ಟೋ ವರ್ಷ ಆ ಲಿಫ್ಟನ್ನು ತಪ್ಪು ಜಾಗದಲ್ಲಿ ನಿಲ್ಲಿಸಿದ ಅನುಭವದಿಂದ ಭಾವನಿಗೆ ಉತ್ತರ ಗೊತ್ತಿತ್ತು. ನಾಲ್ಕು ಸುತ್ತು. ಕೂಗಿದರು, ಗಂಟೆ ಅದನ್ನು ನುಂಗಿತು. ಎಡಗೈಗೆ ಬಿಡುವಿಲ್ಲ. ಹಾಗಾಗಿ ಬಲಗೈ ಎತ್ತಿ, ಕಿರುಬೆರಳಿನಿಂದ ಒಂದು, ಎರಡು, ಮೂರು, ನಾಲ್ಕು ಎಂದು ಮಡಚಿ ತೋರಿಸಿದರು.

ನಾಲ್ಕು ಬೆರಳು ಮಲಗಿದ ಮೇಲೆ ನಿಂತಿರುವುದು ಹೆಬ್ಬೆರಳು.

ಎಂಜಿನಿಯರ್ ಅದನ್ನು ನೋಡಿ ನೆಮ್ಮದಿಯ ಉಸಿರು ಬಿಟ್ಟರು. ಎಲ್ಲ ಸರಿಯಾಗಿದೆಯಂತೆ ಎಂದು ನನಗೆ ಸನ್ನೆ ಮಾಡಿದರು. ಚಕ್ರ ಬಿಟ್ಟು, ಕರವಸ್ತ್ರದಿಂದ ಕತ್ತು ಒರೆಸಿಕೊಂಡು, ತಾವೂ ಹೆಬ್ಬೆರಳೆತ್ತಿ ತೋರಿಸಿದರು. ಭಾವ ತಮ್ಮ ಹೆಬ್ಬೆರಳನ್ನು ಇನ್ನೂ ಜೋರಾಗಿ ಆಡಿಸಿದರು. ಎಂಜಿನಿಯರ್ ಎರಡೂ ಹೆಬ್ಬೆರಳೆತ್ತಿ ಹುರಿದುಂಬಿಸಿದರು. ಒಳಗೆ ಸೂಪರಿಂಟೆಂಡೆಂಟರು, ನಡೆಯುತ್ತಿರುವುದು ಒಳ್ಳೆಯದೇ ಇರಬೇಕೆಂದು, ತಮ್ಮದೂ ಒಂದು ಸೇರಿಸಿದರು. ಭಾವನ ಎಡತೋಳು ನಡುಗತೊಡಗಿತು, ಹಣೆಯಲ್ಲಿ ಬೆವರು. ನಾನು ವಿಜ್ಞಾನ ಓದಿದವನು, ಚಿತ್ರ ಬರೆದು ವಿವರಿಸಿದವನು, ಹೆಬ್ಬೆರಳುಗಳ ನಡುವೆ ಬೆಪ್ಪಾಗಿ ನಿಂತಿದ್ದೆ.

ಟೀಯವನು ಕೆಟಲ್ ಕೆಳಗಿಟ್ಟ. ಎಂಜಿನಿಯರರ ಕಿವಿಗೆ ಬಾಯಿ ಹಚ್ಚಿ ಅವನು ಕೂಗಿದ್ದು ಗಂಟೆಯನ್ನೂ ಮೀರಿ ನನಗೆ ಕೇಳಿಸಿತು.

"ಅದು ಸರಿ ಅಲ್ಲ ಸಾರ್, ಅದು ನಾಲ್ಕು. ಈ ಮನುಷ್ಯನದು ನಿಂತಿರೋದನ್ನ ನೋಡಬಾರದು. ಮಲಗಿರೋದನ್ನ ಎಣಿಸ್ಬೇಕು."

ಎಂಜಿನಿಯರ್ ಒಂದು ಕ್ಷಣ ಅವನನ್ನೂ, ಭಾವನ ಕೈಯನ್ನೂ ನೋಡಿ ಚಕ್ರ ಹಿಡಿದರು. ನಾಲ್ಕು ಸುತ್ತು. ಲಿಫ್ಟ್ ಮುಲುಗುತ್ತ ಎದ್ದು ಮಹಡಿಗೆ ಸಮವಾಗಿ ನಿಂತಿತು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ. ಭಾವನ ಸೇವಾವಧಿಯಲ್ಲಿ ಅದು ಹಾಗೆ ನಿಂತದ್ದು ಅದೇ ಮೊದಲು. ಬಾಗಿಲು ತೆರೆಯಿತು. ಮೆಟ್ಟಿಲ ಮೇಲೆ ಸೇರಿದ್ದ ಎಲ್ಲ ಕಚೇರಿಗಳ ಜನ ಚಪ್ಪಾಳೆ ಹೊಡೆದರು. ಎಂಜಿನಿಯರ್ ಒಂದು ತಂತಿ ಕಿತ್ತು ಗಂಟೆಯ ಬಾಯಿ ಮುಚ್ಚಿಸಿದರು.

ಭಾವ ತೋಳು ಉಜ್ಜಿಕೊಳ್ಳುತ್ತ, "ನೋಡಿದ್ರಾ ಸಾರ್, ಹುಟ್ಟಾ ಎಡಗೈ," ಎಂದರು.

ಡಾಕ್ಟರಮ್ಮ ತಲೆಯಾಡಿಸಿದರು. "ಅಲ್ಲ. ನೀವು ಅಪ್ಪಟ ಬಲಗೈಯವರು."

ಅವರು ವಿವರಿಸಿದರು. ಎಡಗೈ ಕೊಂಡಿ ಹಿಡಿದಿದ್ದಾಗ ಎಣಿಸಿದ್ದು ಬಲಗೈ. ಇಷ್ಟು ವರ್ಷ ಬಲಗೈ ಹಿಡಿಕೆ ಹಿಡಿದಿದ್ದಾಗ ಎಣಿಸಿದ್ದು ಎಡಗೈ. ಇವರ ಮಟ್ಟಿಗೆ ಲೆಕ್ಕ ಇಡುವುದು ಬಿಡುವಾಗಿರುವ ಕೈ, ಹುಟ್ಟಾ ಕೈಯಲ್ಲ. ಒಳಗೆ ಸಿಕ್ಕಿಕೊಂಡಾಗ ಮೊದಲು ಮುಂದೆ ಹೋದದ್ದೂ ಬಲಗೈಯೇ. ನನ್ನ ಇಡೀ ಕಚೇರಿಯನ್ನು ಪರೀಕ್ಷಿಸಿಯೂ ನನಗೆ ಹೊಳೆಯದಿದ್ದದ್ದು ಅವರಿಗೆ ಒಂದು ಲಿಫ್ಟಿನಲ್ಲಿ ಹೊಳೆದಿತ್ತು.

ಭಾವನ ಮುಖದ ಬಣ್ಣ ಇಳಿಯಿತು. ಬಲಗೈಯವರೆಂದಾದರೆ ಮೊದಲ ಪರೀಕ್ಷೆ ಸರಿಯಾದ ಕೈಗೇ ನಡೆದಂತಾಯಿತು, ಬಿದ್ದ ತಿರುಪು ಬಿದ್ದಂತೆಯೇ ಉಳಿಯಿತು. ಉಗ್ರಾಣದ ಕುರ್ಚಿಗಳು ನನ್ನ ಕಣ್ಣ ಮುಂದೆಯೂ ಬಂದವು. ಎಲ್ಲರೂ ಸೂಪರಿಂಟೆಂಡೆಂಟರತ್ತ ನೋಡಿದರು. ಅವರು ಗೋಡೆ ಹಿಡಿದುಕೊಂಡು, ಕಾಲ ಕೆಳಗಿನ ಗಟ್ಟಿ ನೆಲವನ್ನು ಎರಡು ಸಲ ತುಳಿದು ಖಚಿತಪಡಿಸಿಕೊಳ್ಳುತ್ತಿದ್ದರು.

"ನಿಯಮದಲ್ಲಿ," ಎಂದರು ನಿಧಾನವಾಗಿ, "ಅಭ್ಯರ್ಥಿಯನ್ನು ಪರೀಕ್ಷಿಸತಕ್ಕದ್ದು ಅಂತಿದೆ. ಕೈಯನ್ನು ಅಂತಿಲ್ಲ. ನನ್ನನ್ನ ಹೊರಗೆ ತಂದದ್ದು ಅಭ್ಯರ್ಥಿ. ಅಭ್ಯರ್ಥಿ ಪಾಸು. ಕೈ ವಿಷಯ ಮುಂದಿನ ಆದೇಶದವರೆಗೆ ಬಾಕಿ ಇರಲಿ."

ಮತ್ತೆ ಚಪ್ಪಾಳೆ. ಎಂಜಿನಿಯರ್ ಅಲ್ಲೇ ನಿಂತು ಸಹಿ ಹಾಕಿದರು. ಭಾವ ಕೃತಜ್ಞತೆಯಿಂದ ಕೈಕುಲುಕಲು ಹೋಗಿ ಅವರ ಪೆನ್ನು ಬೀಳಿಸಿದರು. ಯಾವ ಕೈ ಎಂದು ಯಾರೂ ಕೇಳಲಿಲ್ಲ. ಅಕ್ಕನಿಗೆ ಫೋನಿನಲ್ಲಿ ಸುದ್ದಿ ಹೇಳಿದಾಗ ಅವಳು, "ದಿಂಬಿನ ಚೀಲ ಎಲ್ಲಾ ಹಾ ಅಂತ ಬಾಯ್ಬಿಟ್ಕೊಂಡು ಬಿದ್ದಿವೆ. ಬಂದು ಗುಂಡಿ ಹಾಕೋಕೆ ಹೇಳು," ಎಂದಳು.

ಈ ಗದ್ದಲದಲ್ಲಿ ತಂದಿದ್ದ ಟೀ ಆರಿಹೋಗಿತ್ತು. ಟೀಯವನು ಕೆಟಲ್ ಎತ್ತಿಕೊಂಡು ಸುಮ್ಮನೆ ಇಳಿದುಹೋಗಿದ್ದ. ಸೂಪರಿಂಟೆಂಡೆಂಟರಿಗೆ ಗಂಟಲು ಒಣಗಿತ್ತು, ಡಾಕ್ಟರಮ್ಮನಿಗೂ, ಎಂಜಿನಿಯರಿಗೂ. ಭಾವ ನಮ್ಮನ್ನೆಲ್ಲ ಕಣ್ಣಲ್ಲೇ ಎಣಿಸಿ, ತಮ್ಮನ್ನೂ ನನ್ನನ್ನೂ ಸೇರಿಸಿಕೊಂಡು, ಮೆಟ್ಟಿಲ ಕಂಬಿಯ ಆಚೆ ಬಗ್ಗಿದರು. ನಾಲ್ಕು ಮಹಡಿ ಕೆಳಗೆ ಟೀಯವನು ಸ್ಟೌ ಹಚ್ಚುತ್ತಿದ್ದ. ಭಾವ ಕೈ ಹೊರಚಾಚಿ ಬಿಗಿಯಾದ ಮುಷ್ಟಿ ತೋರಿಸಿದರು.

"ಯಾರ ಮೇಲ್ರೀ ಅಷ್ಟು ಕೋಪ?" ಎಂದು ಎಂಜಿನಿಯರ್ ಗಾಬರಿಯಿಂದ ಕೇಳಿದರು.

ಟೀಯವನು ತಲೆಯೆತ್ತಿ ನೋಡಿದ. ಈ ಸಲ ಗೋಡೆಯ ಕಡೆ ತಿರುಗಲಿಲ್ಲ.

ಐದು ಟೀ ಬಂತು.